ಕೊಪ್ಪರಿಗೆಯ ಅಕ್ಷರ ಟಿವಿಯಲ್ಲಿ ಕಾಣುವವರೆಗೆ

2024ರ ದೀಪಾವಳಿಗೆ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಹೋಗುವಾಗ ಬ್ಯಾಗಿನಲ್ಲಿ ಒಂದು ಪೆನ್‌ಡ್ರೈವ್ ಇಟ್ಟುಕೊಂಡಿದ್ದೆ. ಡಿಸೆಂಬರಿನಲ್ಲಿ ಅಪ್ಪಯ್ಯನ ಸಹಸ್ರ ಚಂದ್ರ ದರ್ಶನ ಶಾಂತಿ ಇತ್ತು. ಆ ಸಂಜೆ ನೆಂಟರೆಲ್ಲ ಜಗಲಿಯಲ್ಲಿ ಕೂತಾಗ ಹಾಕಲು 50 ನಿಮಿಷದ ಒಂದು ವಿಡಿಯೋ ಮಾಡುತ್ತಿದ್ದೆ. ಅರ್ಧಕ್ಕಿಂತ ಹೆಚ್ಚು 2004ರ ಷಷ್ಟ್ಯಬ್ದಿಯದು, ಆಗ ಸ್ಟುಡಿಯೋದವರು ತೆಗೆದದ್ದು. ಉಳಿದದ್ದು ಈಗ ಮನೆಯವರನ್ನು ಮಾತಾಡಿಸಿ ಫೋನಿನಲ್ಲಿ ಹಿಡಿದದ್ದು. ಬೆಂಗಳೂರಿನಲ್ಲಿ ಲ್ಯಾಪ್‌ಟಾಪಿನ ಮೇಲೆ ನೋಡಿದಾಗ ಚೆನ್ನಾಗೇ ಇತ್ತು. ಊರಲ್ಲಿ ಜಗಲಿಯ 43 ಇಂಚಿನ ಟಿವಿಗೆ ಸಿಕ್ಕಿಸಿ ಹಾಕಿದೆ. ಅಪ್ಪಯ್ಯ ಸ್ವಲ್ಪ ಹೊತ್ತು ನೋಡಿ, ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

“ಆಚೆ ಕಂಬದ ಹತ್ರ ಕೂತಿದ್ದು ಯಾರೋ? ಅಮ್ಮನಾ?”

ಅದು ಅಜ್ಜಿಯೇ. ಅಜ್ಜಿ ತೀರಿಕೊಂಡು ಹದಿನೈದು ವರ್ಷದ ಮೇಲಾಯಿತು. ಅಜ್ಜಿ ಓಡಾಡುವ, ಮಾತಾಡುವ ಚಿತ್ರ ಅಂತ ಮನೆಯಲ್ಲಿ ಇರುವುದು ಇದೊಂದೇ. ಸ್ವಂತ ತಾಯಿಯ ಮುಖ ಅಪ್ಪಯ್ಯನಿಗೆ ಗುರುತು ಸಿಗಲಿಲ್ಲ. ಮೂಗು, ಹಣೆ, ಕುಂಕುಮ ಎಲ್ಲ ಒಂದಕ್ಕೊಂದು ಕರಗಿಹೋಗಿದ್ದವು.

ಅದೇ ವಿಡಿಯೋದಲ್ಲಿ ಇನ್ನೊಂದು ದೃಶ್ಯ ಇತ್ತು. ಅಡುಗೆ ಚಪ್ಪರದಲ್ಲಿ ಪಾಯಸದ ಕೊಪ್ಪರಿಗೆಯನ್ನು ಕ್ಯಾಮೆರಾದವರು ಹತ್ತಿರದಿಂದ ಹಿಡಿದಿದ್ದರು. ಅಜ್ಜಿ ಮದುವೆಯಾಗಿ ಬರುವಾಗ ತವರಿನಿಂದ ಬಂದ ಕೊಪ್ಪರಿಗೆ ಅದು. ಬಾಯಿಯ ಅಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಹೊಡೆದ ಒಂದು ಸಾಲು ಅಕ್ಷರ ಇತ್ತು. ಮನೆ ಪಾಲಾದಾಗ ಅದು ಬೇರೆ ಮನೆಗೆ ಹೋಯಿತು, ಅಲ್ಲಿಂದ ಹಳೇ ತಾಮ್ರದ ಲೆಕ್ಕದಲ್ಲಿ ಅಂಗಡಿಗೆ ಹೋಯಿತು. ಅದರ ಮೇಲೆ ಏನು ಬರೆದಿತ್ತು ಅಂತ ಅಪ್ಪಯ್ಯನಿಗೂ ಸರಿಯಾಗಿ ನೆನಪಿಲ್ಲ, ಅತ್ತೆಗೂ ಇಲ್ಲ. ಟಿವಿಯಲ್ಲಿ ಆ ಸಾಲು ಒಂದು ಕಂದು ಗೆರೆಯಾಗಿ ಮಾತ್ರ ಕಂಡಿತು. ಆ ರಾತ್ರಿಯೇ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತೆ. ಆ ಅಕ್ಷರ ಓದಲು ಬಂದರೆ ಅಜ್ಜಿಯ ಮುಖವೂ ಬರುತ್ತದೆ ಅಂತ ಅದನ್ನೇ ಅಳತೆಗೋಲು ಮಾಡಿಕೊಂಡೆ.

ಮೊದಲು ಗೊತ್ತಾಗಬೇಕಿದ್ದದ್ದು, ಕೆಡುತ್ತಿರುವುದು ಟಿವಿಯಲ್ಲೋ ನನ್ನ ಫೈಲಿನಲ್ಲೋ ಎಂಬುದು. ಟಿವಿಯ ಪರದೆ 1920×1080 ಚುಕ್ಕಿಯದು. ಅಷ್ಟೇ ಅಳತೆಯ ಒಂದು ಚಿತ್ರ ಮಾಡಿದೆ: ಒಂದು ಚುಕ್ಕಿ ಅಗಲದ ಕಪ್ಪು ಗೆರೆ, ಪಕ್ಕದಲ್ಲಿ ಒಂದು ಚುಕ್ಕಿ ಅಗಲದ ಬಿಳಿ ಗೆರೆ, ಹಾಗೇ ಉದ್ದಕ್ಕೂ. ನಾಲ್ಕು ಅಂಚಿಗೂ ಒಂದು, ಎರಡು, ಮೂರು ಅಂತ ಸಣ್ಣ ಅಂಕಿ ಬರೆದೆ. ಟಿವಿಯಲ್ಲಿ ಫೋಟೋ ತೋರಿಸುವ ದಾರಿಯೇ ಬೇರೆ, ವಿಡಿಯೋ ತೋರಿಸುವ ದಾರಿಯೇ ಬೇರೆ ಇರಬಹುದು. ಅದಕ್ಕೆ ಆ ಚಿತ್ರವನ್ನು ಒಂದು ನಿಮಿಷದ ವಿಡಿಯೋ ಮಾಡಿಯೇ ಹಾಕಿದೆ. ಟಿವಿ ನೆಟ್ಟಗೆ ತೋರಿಸಿದರೆ ಗೆರೆಗಳು ಹೊಸ ಚಾಪೆಯ ಎಳೆಯ ಹಾಗೆ ಎಣಿಸಲು ಸಿಗಬೇಕು. ನನಗೆ ಕಂಡದ್ದು ಬೂದು ಬಣ್ಣ, ಅದರ ಮೇಲೆ ಕೆರೆಯ ನೀರಿನ ಅಲೆಯಂತೆ ದಪ್ಪ ಪಟ್ಟಿಗಳು. ಅಂಚಿನ ಅಂಕಿಗಳಲ್ಲಿ ಒಂದು ಎರಡು ಕಾಣಲೇ ಇಲ್ಲ.

ಚಿತ್ರದ ಸುತ್ತಲಿನ ಅಂಚನ್ನು ಟಿವಿ ಕತ್ತರಿಸಿ, ಉಳಿದದ್ದನ್ನು ಪರದೆಯ ಅಗಲಕ್ಕೆ ಹಿಗ್ಗಿಸುತ್ತಿತ್ತು. ಇದಕ್ಕೆ ಓವರ್‌ಸ್ಕ್ಯಾನ್ ಎನ್ನುತ್ತಾರೆ. ಡಬ್ಬದ ಟಿವಿ ಕಾಲದ ಅಭ್ಯಾಸ. ಆ ಗಾಜಿನ ಕೊಳವೆಗಳಲ್ಲಿ ಚಿತ್ರದ ಅಂಚು ನೆಟ್ಟಗೆ ನಿಲ್ಲುತ್ತಿರಲಿಲ್ಲ, ಕರೆಂಟು ಏರಿಳಿದರೆ ಚಿತ್ರವೂ ಹಿಗ್ಗಿ ಕುಗ್ಗುತ್ತಿತ್ತು. ಅದು ಕಾಣದಿರಲಿ ಅಂತ ಅಂಚನ್ನು ಚೌಕಟ್ಟಿನ ಹಿಂದೆ ಅಡಗಿಸುತ್ತಿದ್ದರು. ಚಪ್ಪಟೆ ಪರದೆ ಬಂದ ಮೇಲೆ ಅದರ ಅಗತ್ಯ ಇಲ್ಲ, ಆದರೂ ಬಹಳ ಟಿವಿಗಳಲ್ಲಿ ಅದು ಚಾಲೂ ಇಟ್ಟೇ ಬರುತ್ತದೆ. ಎರಡೂ ಬದಿ ಸೇರಿ ಶೇಕಡಾ 5 ಕತ್ತರಿಸಿದರೆ 1920 ಚುಕ್ಕಿಯಲ್ಲಿ ಉಳಿಯುವುದು 1824. ಆ 1824 ಅನ್ನು 1920 ಜಾಗಕ್ಕೆ ಹಂಚಬೇಕು. ಒಂದು ಚುಕ್ಕಿಗೆ ಒಂದು ಚುಕ್ಕಿ ಎನ್ನುವ ಲೆಕ್ಕ ಅಲ್ಲಿಗೆ ತಪ್ಪಿತು. ಪ್ರತಿ ಚುಕ್ಕಿಯೂ ಪಕ್ಕದ್ದರ ಜೊತೆ ಸ್ವಲ್ಪ ಬೆರೆತೇ ಬರುತ್ತದೆ.

ರಿಮೋಟಿನಲ್ಲಿ ಹುಡುಕಿದೆ. ಈ ಆಯ್ಕೆಗೆ ಒಂದು ಕಂಪನಿ ಜಸ್ಟ್ ಸ್ಕ್ಯಾನ್ ಅಂತ ಹೆಸರಿಟ್ಟಿದೆ, ಇನ್ನೊಂದು ಸ್ಕ್ರೀನ್ ಫಿಟ್ ಅನ್ನುತ್ತದೆ, ಮತ್ತೊಂದು ಫುಲ್ ಪಿಕ್ಸೆಲ್. ಚಿತ್ರದ ಅಗಲ ಎತ್ತರದ ಆಯ್ಕೆ ಇರುವಲ್ಲೇ, 16:9ರ ಪಕ್ಕದಲ್ಲಿ ಇರುತ್ತದೆ. ಅದನ್ನು ಒತ್ತಿದ ಕೂಡಲೇ ಅಲೆಗಳು ಹೋಗಿ ಗೆರೆಗಳು ನಿಂತವು, ಅಂಚಿನ ಅಂಕಿ ಎಲ್ಲ ಬಂದವು. ತಂಗಿ ಟಿವಿಗೆ ಮುಖ ತಾಗುವಷ್ಟು ಹತ್ತಿರ ಹೋಗಿ, “ಅಣ್ಣ, ಇದು ಎಣಿಸ್ಬೋದು ಕಣೋ” ಅಂದಳು.

ಷಾರ್ಪ್‌ನೆಸ್ ಎಂಬ ಆಯ್ಕೆಯನ್ನೂ ಆಗಲೇ ನೋಡಿದೆ. ಹೆಸರು ಕೇಳಿದರೆ ಜಾಸ್ತಿ ಮಾಡಬೇಕು ಅನ್ನಿಸುತ್ತದೆ. ಅದು ಮಾಡುವ ಕೆಲಸ, ಕಪ್ಪು ಮತ್ತು ಬಿಳಿ ಸೇರುವಲ್ಲಿ ಕಪ್ಪನ್ನು ಇನ್ನಷ್ಟು ಕಪ್ಪಾಗಿಸಿ, ಪಕ್ಕದಲ್ಲಿ ಒಂದು ಬಿಳಿ ಎಳೆ ಎಳೆಯುವುದು. ದೂರದಿಂದ ಚುರುಕಾಗಿ ಕಾಣುತ್ತದೆ, ಹತ್ತಿರ ಹೋದರೆ ಸೀರೆಯ ಜರಿಯ ಪಕ್ಕದಲ್ಲಿ ಇಲ್ಲದ ಇನ್ನೊಂದು ಜರಿ. ಬೂದು ಹಿನ್ನೆಲೆಯ ಮೇಲೆ ಒಂದೇ ಒಂದು ಕಪ್ಪು ಗೆರೆ ಹಾಕಿಕೊಂಡು, ಅದರ ಅಕ್ಕಪಕ್ಕದ ಬಿಳಿ ಎಳೆ ಮಾಯವಾಗುವ ತನಕ ಇಳಿಸುತ್ತ ಬಂದೆ. ನಮ್ಮ ಟಿವಿಯಲ್ಲಿ ಸೊನ್ನೆಗೆ ಬಂದಾಗ ಹೋಯಿತು. ಎಲ್ಲ ಟಿವಿಯಲ್ಲೂ ಸೊನ್ನೆಯೇ ಸರಿ ಅಂತಲ್ಲ. ಕೆಲವದರಲ್ಲಿ ನಡುವಿನ ಅಂಕಿಯೇ ಏನೂ ಸೇರಿಸದ ಸ್ಥಿತಿ, ಅದಕ್ಕಿಂತ ಕೆಳಗೆ ಹೋದರೆ ಚಿತ್ರ ಮಸುಕಾಗುತ್ತದೆ. ಅಂಕಿ ನಂಬುವುದಕ್ಕಿಂತ ಗೆರೆ ಹಾಕಿ ನೋಡುವುದೇ ವಾಸಿ.

ಇಷ್ಟಾದ ಮೇಲೆ ನನ್ನ ವಿಡಿಯೋ ಮತ್ತೆ ಹಾಕಿದೆ. ಫೋನಿನ ಭಾಗ ಚೆನ್ನಾಯಿತು. ಅಜ್ಜಿ ಹಾಗೇ ಇದ್ದರು. ಕೊಪ್ಪರಿಗೆಯ ಮೇಲೆ ಅದೇ ಕಂದು ಗೆರೆ. ಅಂದರೆ ಉಳಿದ ಕೊರತೆ ಫೈಲಿನದೇ. 14 ಇಂಚಿನ ಲ್ಯಾಪ್‌ಟಾಪಿನ ಚಿತ್ರ ಈ ಟಿವಿಗೆ ಬಂದಾಗ ಉದ್ದದಲ್ಲಿ ಮೂರು ಪಟ್ಟು, ಹರವಿನಲ್ಲಿ ಒಂಬತ್ತು ಪಟ್ಟು ಹಿಗ್ಗುತ್ತದೆ. ಸಣ್ಣ ಪರದೆ ಮುಚ್ಚಿಟ್ಟ ಕೊರತೆಯನ್ನೆಲ್ಲ ದೊಡ್ಡದು ಹೊರಗೆ ಹಾಕಿತು.

ಹಿಂದಕ್ಕೆ ಹೋಗುತ್ತ ಲೆಕ್ಕ ಹಾಕಿದೆ. 2004ರ ಟೇಪುಗಳನ್ನು ಕೆಲವು ವರ್ಷದ ಹಿಂದೆ ಪೇಟೆಯ ಒಂದು ಅಂಗಡಿಗೆ ಕೊಟ್ಟು ಫೈಲು ಮಾಡಿಸಿದ್ದೆವು. ಅವರು ಕೊಟ್ಟದ್ದು 640×480 ಅಳತೆಯ ಎಂಪಿ4. ಮೂಲ ಟೇಪು ಮಿನಿಡಿವಿ, ಅಂದರೆ ವಿಡಿಯೋ ಕ್ಯಾಮೆರಾದ ಸಣ್ಣ ಡಿಜಿಟಲ್ ಕ್ಯಾಸೆಟ್ಟು. ಅದರಲ್ಲಿ ಇರುವುದು 720×576. ಅಂಗಡಿಯವರು ಕ್ಯಾಮೆರಾದ ಹಳದಿ ಪಿನ್ನಿನ ವೈರಿನಿಂದ ಯುಎಸ್‌ಬಿ ಡಬ್ಬಿಗೆ ಹಾಯಿಸಿ ತೆಗೆದಿದ್ದರು. ಅಲ್ಲಿಗೆ ಒಂದು ಸಲ ಅಳತೆ ಬದಲಾಯಿತು, ಕುಗ್ಗಿತು. ನನ್ನ ಎಡಿಟಿಂಗ್ ತಂತ್ರಾಂಶದಲ್ಲಿ ಪ್ರಾಜೆಕ್ಟು 1280×720ರಲ್ಲಿ ಕೂತಿತ್ತು, ನಾನು ಗಮನಿಸಿರಲಿಲ್ಲ. ಎರಡನೇ ಸಲ. ಟಿವಿ ಅದನ್ನು 1080ಕ್ಕೆ ಎಳೆಯಿತು, ಮೂರನೇ ಸಲ. ಓವರ್‌ಸ್ಕ್ಯಾನಿನಿಂದ ನಾಲ್ಕನೇ ಸಲ. ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸ್ ಮಾಡಿಸಿದ ಪಹಣಿ ಹೇಗಿರುತ್ತದೋ ಅಜ್ಜಿಯ ಮುಖ ಹಾಗಾಗಿತ್ತು. ಒಂದೊಂದು ಹಂತದಲ್ಲಿ ಹೋದದ್ದು ಸ್ವಲ್ಪ ಸ್ವಲ್ಪವೇ, ಹೋದದ್ದು ಮಾತ್ರ ತಿರುಗಿ ಬರುವುದಿಲ್ಲ. ಹಾಗಾಗಿ ಮೂಲ ಟೇಪಿಗೇ ಹೋಗಬೇಕಾಯಿತು.

ಟೇಪುಗಳು ಅಪ್ಪಯ್ಯನ ಗೋದ್ರೇಜ್ ಬೀರುವಿನಲ್ಲಿ, ಜಾತಕದ ಕಟ್ಟಿನ ಪಕ್ಕದಲ್ಲೇ ಇದ್ದವು. ಮೂರು. ಅವನ್ನು ಓಡಿಸಲು ಬೇಕಾದ ಹಳೆಯ ಕ್ಯಾಮೆರಾ ಚಿಕ್ಕಪ್ಪನ ಮನೆಯಲ್ಲಿತ್ತು.

“ಇದೆ ಮಾರಾಯ, ತಗೊಂಡ್ಹೋಗು. ಬ್ಯಾಟರಿ ಸತ್ತೋಗಿದೆ. ಚಾರ್ಜರ್ ಹಾಕ್ಕೊಂಡೇ ನಡೆಸ್ಬೇಕು,” ಅಂದರು ಚಿಕ್ಕಪ್ಪ.

ಮೂರು ಟೇಪಿನಲ್ಲಿ ಒಂದಕ್ಕೆ ಬೂಷ್ಟು ಹಿಡಿದಿತ್ತು. ಕಿಟಕಿಯಿಂದ ನೋಡಿದರೆ ಸುರುಳಿಯ ಅಂಚಿನಲ್ಲಿ ಬೆಳ್ಳಗೆ ಪುಡಿ. ಮಲೆನಾಡಿನ ಮಳೆಗಾಲದಲ್ಲಿ ಇಪ್ಪತ್ತು ವರ್ಷ ಇಟ್ಟರೆ ಇನ್ನೇನಾಗಬೇಕು. ಅದನ್ನು ಕ್ಯಾಮೆರಾಕ್ಕೆ ಹಾಕಲಿಲ್ಲ. ಆ ಪುಡಿ ಟೇಪು ಓದುವ ಹೆಡ್ಡಿಗೆ ಮೆತ್ತಿದರೆ ಉಳಿದ ಎರಡು ಟೇಪೂ ಹಾಳು. ಅದರಲ್ಲಿ ಇದ್ದದ್ದು ಊಟದ ಪಂಕ್ತಿ, ಅಷ್ಟಕ್ಕೆ ಅಂಗಡಿಯ ಫೈಲೇ ಸಾಕು ಎಂದುಕೊಂಡೆ. ಅಜ್ಜಿ ಮತ್ತು ಕೊಪ್ಪರಿಗೆ ಎರಡನೇ ಟೇಪಿನಲ್ಲಿ ಇದ್ದದ್ದು ನಮ್ಮ ಪುಣ್ಯ.

ಮಿನಿಡಿವಿ ಟೇಪಿನ ಮೇಲೆ ಇರುವುದು ಅಂಕಿಗಳೇ. ಅವನ್ನು ಹಳದಿ ವೈರಿನಿಂದ ಎಳೆದರೆ ಅಂಕಿ ಅಲೆಯಾಗಿ, ಮತ್ತೆ ಅಂಕಿಯಾಗಿ ಬರುತ್ತದೆ. ಫೈರ್‌ವೈರ್ ಎಂಬ ಬೇರೆ ವೈರು ಇದೆ, ಸೋನಿಯವರು ಅದಕ್ಕೆ ಐ-ಲಿಂಕ್ ಅನ್ನುತ್ತಿದ್ದರು. ಅದರಲ್ಲಿ ಎಳೆದರೆ ಟೇಪಿನಲ್ಲಿರುವ ಅಂಕಿಗಳೇ ಹಾಗ್ಹಾಗೇ ಕಂಪ್ಯೂಟರಿಗೆ ಇಳಿಯುತ್ತವೆ. ಪೆನ್‌ಡ್ರೈವಿನಿಂದ ಕಾಪಿ ಮಾಡಿದ ಹಾಗೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಅದರ ಕಿಂಡಿ ಇರುವುದಿಲ್ಲ. ಬೆಂಗಳೂರಿಗೆ ಬಂದು ಎಸ್.ಪಿ. ರಸ್ತೆಯಲ್ಲಿ ಸುತ್ತಿ, ಹಳೆಯ ಡೆಸ್ಕ್‌ಟಾಪಿಗೆ ಕೂರಿಸುವ ಒಂದು ಫೈರ್‌ವೈರ್ ಕಾರ್ಡು ಮತ್ತು ಒಂದು ಕಡೆ ನಾಲ್ಕು ಪಿನ್ನು, ಇನ್ನೊಂದು ಕಡೆ ಆರು ಪಿನ್ನಿನ ವೈರು ತಂದೆ. ಲಿನಕ್ಸ್ ಹಾಕಿಕೊಂಡು ಡಿವಿಗ್ರ್ಯಾಬ್ ಎಂಬ ತಂತ್ರಾಂಶದಿಂದ ಇಳಿಸಿದೆ. ಒಂದು ಗಂಟೆಯ ಟೇಪು ಇಳಿಯಲು ಒಂದು ಗಂಟೆಯೇ ಬೇಕು, ಅವಸರ ಮಾಡುವ ದಾರಿ ಇಲ್ಲ. ಒಂದು ಟೇಪಿಗೆ ಸುಮಾರು 13 ಜಿಬಿ. ಚಿತ್ರಕ್ಕೇ ಸೆಕೆಂಡಿಗೆ 25 ಮೆಗಾಬಿಟ್ ಲೆಕ್ಕ, ಅದರ ಮೇಲೆ ಧ್ವನಿ ಇತ್ಯಾದಿ. ಹೋಲಿಸಿ ನೋಡಿ: ಮೂರು ಗಂಟೆಯ ಕಾರ್ಯಕ್ರಮವನ್ನು ಒಂದು 4.7 ಜಿಬಿ ಡಿವಿಡಿಗೆ ತುಂಬಿಸಿದರೆ ಸೆಕೆಂಡಿಗೆ ಸಿಗುವುದು ಮೂರೂವರೆ ಮೆಗಾಬಿಟ್.

ಎರಡನೇ ಟೇಪಿನ ನಡುವೆ ಅಲ್ಲಲ್ಲಿ ಚಿತ್ರದ ಮೇಲೆ ಚದುರಂಗದ ಮಣೆಯಂಥ ಚೌಕಗಳು ಬಂದವು. ಹೆಡ್ಡು ತೊಳೆಯುವ ಕ್ಯಾಸೆಟ್ಟು ಹತ್ತು ಸೆಕೆಂಡು ಓಡಿಸಿ, ಟೇಪನ್ನು ಒಮ್ಮೆ ಕೊನೆಯವರೆಗೆ ಸುತ್ತಿ, ಹಿಂದಕ್ಕೆ ತಂದು ಮತ್ತೆ ಇಳಿಸಿದೆ. ಚೌಕಗಳು ಕಡಿಮೆಯಾದವು, ಕೆಲವು ಬೇರೆ ಜಾಗಕ್ಕೆ ಹೋದವು. ಎರಡೂ ಪ್ರತಿಯಿಂದ ಚೆನ್ನಾಗಿರುವ ತುಣುಕು ಆರಿಸಿ ಜೋಡಿಸಿದೆ.

ಕೊಪ್ಪರಿಗೆಯ ದೃಶ್ಯ ತೆರೆದೆ. ಕಂದು ಗೆರೆ ಇರಲಿಲ್ಲ. ಬಿಡಿ ಬಿಡಿ ಆಕಾರಗಳು ಇದ್ದವು. ಓದಲು ಬರುತ್ತಿರಲಿಲ್ಲ, ಆದರೆ ಅಕ್ಷರ ಅಂತ ಗೊತ್ತಾಗುತ್ತಿತ್ತು. ತಂಗಿಗೆ ಫೋನು ಮಾಡಿ ಹೇಳಿದೆ. ಆಗ ರಾತ್ರಿ ಹನ್ನೊಂದೂವರೆ.

ಆಮೇಲೆ ಬಂದ ತೊಡಕು ನನಗೆ ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯಿತು. ಮುತ್ತೈದೆಯರು ಅಪ್ಪಯ್ಯ ಅಮ್ಮನಿಗೆ ಆರತಿ ಎತ್ತುವ ದೃಶ್ಯ ಇದೆ. ಹರಿವಾಣ ಎಡದಿಂದ ಬಲಕ್ಕೆ ಹೋಗುವಾಗ ನಿಲ್ಲಿಸಿ ನೋಡಿದರೆ ದೀಪದ ಕುಡಿ ಎರಡಾಗಿ, ಎರಡರ ನಡುವೆ ಬಾಚಣಿಗೆಯ ಹಲ್ಲಿನಂಥ ಅಡ್ಡಗೆರೆ. ನಿಂತಿರುವ ಕಂಬ, ಗೋಡೆ ಎಲ್ಲ ನೆಟ್ಟಗೇ ಇವೆ, ಅಲುಗಾಡಿದ್ದು ಮಾತ್ರ ಹೀಗೆ. ಇದು ಕೆಟ್ಟದ್ದಲ್ಲ, ಇಂಟರ್‌ಲೇಸ್ ಎಂಬ ಹಳೆಯ ಪದ್ಧತಿ. ನಮ್ಮ ದೇಶದ ಪಾಲ್ ಎಂಬ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ ಅನ್ನುತ್ತೇವೆ, ನಿಜದಲ್ಲಿ ಕ್ಯಾಮೆರಾ ತೆಗೆಯುವುದು 50 ಅರ್ಧ ಚಿತ್ರ. 576 ಸಾಲಿನಲ್ಲಿ ಒಂದು ಬಿಟ್ಟು ಒಂದರಂತೆ 288 ಸಾಲು ಮೊದಲು, ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದು ನಡುವಿನ 288 ಸಾಲು. ಡಬ್ಬದ ಟಿವಿ ಹಾಗೇ ಒಂದಾದ ಮೇಲೊಂದು ಬರೆಯುತ್ತಿತ್ತು, ಕಣ್ಣಿಗೆ ಚಲನೆ ನಯವಾಗಿ ಕಾಣುತ್ತಿತ್ತು. ಈಗಿನ ಪರದೆ ಎಲ್ಲ ಸಾಲನ್ನೂ ಒಟ್ಟಿಗೆ ತೋರಿಸುತ್ತದೆ. ಹಾಗಾಗಿ ಅರ್ಧರ್ಧ ಚಿತ್ರಗಳನ್ನು ಯಾರಾದರೂ ಪೂರ್ಣ ಮಾಡಿಕೊಡಬೇಕು.

ನನ್ನ ಎಡಿಟಿಂಗ್ ತಂತ್ರಾಂಶದಲ್ಲಿ ಡಿಇಂಟರ್‌ಲೇಸ್ ಅಂತ ಒಂದು ಟಿಕ್ ಇತ್ತು. ಹಾಕಿದೆ, ಬಾಚಣಿಗೆ ಹೋಯಿತು. ಸಂತೋಷಪಟ್ಟೆ. ಆದರೆ ಕೊಪ್ಪರಿಗೆಯ ಅಕ್ಷರ ಮತ್ತೆ ಕರಗಿತ್ತು! ಅದು ಎರಡು ಅರ್ಧದಲ್ಲಿ ಒಂದನ್ನು ಬಿಸಾಡಿ, ಉಳಿದ 288 ಸಾಲನ್ನೇ ಇಮ್ಮಡಿ ಮಾಡಿ ತೋರಿಸುತ್ತಿತ್ತು. ಕಷ್ಟಪಟ್ಟು ಟೇಪಿನಿಂದ ತಂದದ್ದರಲ್ಲಿ ಅರ್ಧ ಆ ಒಂದು ಟಿಕ್ಕಿನಲ್ಲಿ ಹೋಗುತ್ತಿತ್ತು.

ಹಾಗಾಗಿ ಈ ಕೆಲಸವನ್ನು ಎಡಿಟಿಂಗಿಗೆ ಮೊದಲೇ, ಬೇರೆಯಾಗಿ ಮಾಡಿಕೊಂಡೆ. ಎಫ್‌ಎಫ್‌ಎಂಪೆಗ್ ಎಂಬ ವಿಡಿಯೋ ತಂತ್ರಾಂಶದಲ್ಲಿ ಬಿಡಬ್ಲ್ಯೂಡಿಫ್ ಎಂಬ ಸೋಸುವಿಕೆ ಇದೆ. ನಿಂತ ಜಾಗದಲ್ಲಿ ಎರಡೂ ಅರ್ಧವನ್ನು ಸೇರಿಸುತ್ತದೆ, ಅಲುಗಾಡುವ ಜಾಗದಲ್ಲಿ ಮಾತ್ರ ಅಕ್ಕಪಕ್ಕದಿಂದ ಅಂದಾಜು ಮಾಡಿ ತುಂಬುತ್ತದೆ. 25 ಅಲ್ಲ, 50 ಪೂರ್ಣ ಚಿತ್ರ ತೆಗೆದುಕೊಳ್ಳಬೇಕು. ಆಗ ಆರತಿ ಎತ್ತುವ ಕೈಯ ನಯ ಉಳಿಯುತ್ತದೆ. ಇನ್ನೊಂದು ಮಾತು: ಡಿವಿ ಟೇಪಿನಲ್ಲಿ ಕೆಳಗಿನ ಸಾಲಿನ ಅರ್ಧ ಮೊದಲು ಬರುತ್ತದೆ. ಅದನ್ನು ತಿರುಗುಮುರುಗು ಹೇಳಿದರೆ ಕೈ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ನಡುಗುತ್ತ ಹೋಗುತ್ತದೆ. ನನಗೆ ಒಂದು ಸಂಜೆ ಅದರಲ್ಲೇ ಕಳೆಯಿತು.

ಬಿಡಬ್ಲ್ಯೂಡಿಫ್ ಸಾಕು ಅನ್ನಿಸಿತ್ತು, ರಂಗೋಲಿ ನೋಡುವ ತನಕ. ಮಂಟಪದ ಮುಂದೆ ಅಮ್ಮ ಹಾಕಿದ್ದ ರಂಗೋಲಿಯ ಅಡ್ಡ ಎಳೆಗಳು ಇರುವೆ ಸಾಲಿನ ಹಾಗೆ ಮಿಣಮಿಣ ಹರಿಯುತ್ತಿದ್ದವು. ಎಳೆ ಎಷ್ಟು ತೆಳುವೆಂದರೆ ಒಂದು ಅರ್ಧದಲ್ಲಿ ಇದ್ದು ಇನ್ನೊಂದರಲ್ಲಿ ಇರುತ್ತಿರಲಿಲ್ಲ. ಇದಕ್ಕೆ ಎವಿಸಿಂತ್ ಎಂಬ ತಂತ್ರಾಂಶದಲ್ಲಿ ನಡೆಯುವ ಕ್ಯೂಟಿಜಿಎಂಸಿ ಎಂಬ ಸೋಸುವಿಕೆ ಬೇಕಾಯಿತು. ಅದು ಹಿಂದಿನ ಮುಂದಿನ ಹಲವು ಚಿತ್ರಗಳಲ್ಲಿ ಯಾವ ಚುಕ್ಕಿ ಎಲ್ಲಿಗೆ ಸರಿದಿದೆ ಅಂತ ಹಿಂಬಾಲಿಸಿ ಸಾಲು ತುಂಬುತ್ತದೆ, ಜೊತೆಗೆ ಚಪ್ಪರದ ನೆರಳಿನಲ್ಲಿ ತೆಗೆದ ದೃಶ್ಯಗಳ ಮರಳು ಮರಳನ್ನೂ ತುಸು ಇಳಿಸುತ್ತದೆ. ನಿಧಾನ ಬಹಳ. ನನ್ನ ಹಳೆಯ ಡೆಸ್ಕ್‌ಟಾಪಿನಲ್ಲಿ ಒಂದು ಟೇಪಿಗೆ ಒಂದು ರಾತ್ರಿ. ಬೆಳಿಗ್ಗೆ ಎದ್ದು ಕಾಫಿಗೆ ಮೊದಲು ನೋಡಿದೆ. ರಂಗೋಲಿ ನೆಲದ ಮೇಲೆ ಕೂತಿತ್ತು, ಅಲುಗಲಿಲ್ಲ. ಬಂದ ಫಲವನ್ನು, ಫೈಲು ಸಣ್ಣದಾಗಲು ಬಹಳ ಹಿಂಡುವ ಎಚ್.264 ಬಗೆಯಲ್ಲಿ ಉಳಿಸದೆ, ಕಡಿಮೆ ಹಿಂಡುವ ಪ್ರೋರೆಸ್ ಬಗೆಯಲ್ಲಿ ಉಳಿಸಿದೆ. ಫೈಲು ದೊಡ್ಡದು, ಆದರೆ ಎಡಿಟಿಂಗ್ ಮುಗಿದ ಮೇಲೆ ಹೇಗೂ ಒಮ್ಮೆ ಹಿಂಡಬೇಕು. ಈಗಲೇ ಒಮ್ಮೆ, ಆಗ ಇನ್ನೊಮ್ಮೆ ಅಂತ ಎರಡು ಸಲ ಗಟ್ಟಿಯಾಗಿ ಹಿಂಡುವುದು ಬೇಡ ಅಂತ.

ಈ ನಡುವೆ ಒಬ್ಬ ಗೆಳೆಯ, ಕೃತಕ ಬುದ್ಧಿಮತ್ತೆಯ ತಂತ್ರಾಂಶದಲ್ಲಿ ಹಾಕು, ಒಂದೇ ಗುಂಡಿಯಲ್ಲಿ 4ಕೆ ಆಗುತ್ತದೆ ಎಂದ. ಅಜ್ಜಿ ಎಲೆಯಡಿಕೆ ಮೆಲ್ಲುತ್ತ ಯಾರನ್ನೋ ನೋಡಿ ನಗುವ ಹತ್ತು ಸೆಕೆಂಡಿನ ತುಣುಕು ಹಾಕಿ ನೋಡಿದೆ. ಬಂದ ಮುಖ ಬಹಳ ಸ್ಪಷ್ಟವಾಗಿತ್ತು. ರೆಪ್ಪೆ ಒಂದೊಂದೂ ಕಾಣುತ್ತಿತ್ತು. ಆದರೆ ಕೆನ್ನೆಯ ಸುಕ್ಕು ನಯವಾಗಿ ಮರದ ಗೊಂಬೆಯಂತಾಗಿತ್ತು, ಬಾಯಿ ತೆರೆದಾಗ ಹಲ್ಲಿನ ಸಾಲು ಪೂರ್ತಿ ಇತ್ತು. ಅಜ್ಜಿಗೆ ಮುಂದಿನ ಹಲ್ಲು ಎರಡು ಇರಲಿಲ್ಲ. ಕೊಪ್ಪರಿಗೆಗೂ ಹಾಕಿದೆ. ಅಕ್ಷರಗಳು ಕೊರೆದಿಟ್ಟ ಹಾಗೆ ಚೂಪಾಗಿ ಬಂದವು, ಆದರೆ ಅವು ಕನ್ನಡವೂ ಅಲ್ಲ, ಬೇರೆ ಯಾವ ಲಿಪಿಯೂ ಅಲ್ಲ. ಇಲ್ಲದ್ದನ್ನು ಊಹಿಸಿ ಬರೆದ ಗೀಟುಗಳು. ಆ ಫೈಲುಗಳನ್ನು ಅಳಿಸಿದೆ. ಬೇರೆ ಕೆಲಸಕ್ಕೆ ಅದು ಒಳ್ಳೆಯದೇ ಇರಬಹುದು. ತೀರಿಕೊಂಡವರ ಮುಖವನ್ನು ಅದರ ಕೈಗೆ ಕೊಡಲು ನನಗೆ ಮನಸ್ಸಾಗಲಿಲ್ಲ.

ಹೊಸ ಪ್ರಾಜೆಕ್ಟು ತೆರೆದು ಮೊದಲೇ 1920×1080, ಸೆಕೆಂಡಿಗೆ 50 ಚಿತ್ರ ಅಂತ ಕೂರಿಸಿದೆ. ಕೆಲವು ತಂತ್ರಾಂಶಗಳಲ್ಲಿ ತುಣುಕು ಹಾಕಿದ ಮೇಲೆ ಈ ಲೆಕ್ಕ ಬದಲಿಸಲು ಬಿಡುವುದಿಲ್ಲ. ಹಳೆಯ ಚಿತ್ರ 4:3 ಆದ್ದರಿಂದ ಪರದೆಯ ನಡುವೆ 1440×1080 ಆಗಿ ಕೂರುತ್ತದೆ, ಎರಡು ಬದಿ ಕಪ್ಪು.

ತಂಗಿಗೆ ಇದು ಒಪ್ಪಿಗೆಯಾಗಲಿಲ್ಲ. “ಅಷ್ಟು ದೊಡ್ಡ ಟಿವಿಯಲ್ಲಿ ಎರಡು ಕಡೆ ಕಪ್ಪು ಬಿಟ್ರೆ ಚೆಂದ ಕಾಣಲ್ಲ ಅಣ್ಣ. ತುಂಬ್ಸು.”

ಮಾತಾಡುವುದಕ್ಕಿಂತ ಮಾಡಿ ತೋರಿಸಿದೆ. ಅಡ್ಡಕ್ಕೆ ಎಳೆದರೆ ಎಲ್ಲರೂ ಮೂರನೇ ಒಂದು ಪಾಲು ದಪ್ಪ. ದೊಡ್ಡದು ಮಾಡಿ ತುಂಬಿಸಿದರೆ ಮೇಲೆ ಕೆಳಗೆ ಕಾಲು ಭಾಗ ಹೋಗಿ 576 ಸಾಲಿನಲ್ಲಿ 432 ಮಾತ್ರ ಉಳಿಯುತ್ತದೆ, ಚಿತ್ರ ಮಸುಕಾಗುತ್ತದೆ, ಅಪ್ಪಯ್ಯನ ಪೇಟವೂ ಹೋಗುತ್ತದೆ. ಪೇಟ ಹೋದದ್ದು ನೋಡಿ ಅವಳು ಕಪ್ಪೇ ಇರಲಿ ಅಂದಳು.

ಫೋನಿನ ಭಾಗದಲ್ಲಿ ತೊಂದರೆ ಬೇರೆ ಥರದ್ದು. ನಮ್ಮ ಫೋನುಗಳು ಸೆಕೆಂಡಿಗೆ 30 ಚಿತ್ರ ತೆಗೆಯುತ್ತವೆ, ಅದೂ ಸಮನಾಗಿ ಅಲ್ಲ. 30 ಅನ್ನು 50ಕ್ಕೆ ಹೊಂದಿಸಬೇಕಾದರೆ ಕೆಲವು ಚಿತ್ರ ಎರಡು ಸಲ, ಕೆಲವು ಒಂದೇ ಸಲ ಬರಬೇಕು, ಚಲನೆ ಎಡವುತ್ತದೆ. ಅದು ಕಾಣದಿರಲಿ ಅಂತ ತಂತ್ರಾಂಶ ಎರಡು ಚಿತ್ರ ಬೆರೆಸಿ ನಡುವಿನದೊಂದನ್ನು ಹುಟ್ಟಿಸುತ್ತದೆ, ಆಗ ಅಲುಗಿದ ಕೈಗೆ ನೆರಳು ಅಂಟಿಕೊಂಡು ಮಸುಕು. ಬೆರೆಸುವುದನ್ನು ನಿಲ್ಲಿಸಿದೆ. ಆದರೂ ಅತ್ತೆಯ ಮಾತುಗಳನ್ನು ಮತ್ತೆ ತೆಗೆಯುವುದೇ ಸರಿ ಅನ್ನಿಸಿತು. ತಂಗಿಯ ಐಫೋನಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಪಾಲ್ ಅಳತೆಗಳನ್ನು ತೋರಿಸು ಎಂಬ ಆಯ್ಕೆ ಇದೆ. ಅದನ್ನು ಹಾಕಿದರೆ 25 ಚಿತ್ರದ ಲೆಕ್ಕ ಸಿಗುತ್ತದೆ, 50ರೊಳಗೆ ಅದು ಸರಿಯಾಗಿ ಎರಡೆರಡಾಗಿ ಕೂರುತ್ತದೆ. ಇನ್ನೊಂದು ಲಾಭವೂ ಆಯಿತು. ನಮ್ಮ ಕರೆಂಟು 50 ಹರ್ಟ್ಸಿನದು, ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ. 30ರ ಲೆಕ್ಕದಲ್ಲಿ ತೆಗೆದಾಗ ಅತ್ತೆಯ ಹಿಂದಿನ ಗೋಡೆಯ ಮೇಲೆ ತೇಲುತ್ತಿದ್ದ ಮಂಕು ಪಟ್ಟಿಗಳು 25ರಲ್ಲಿ ಕಾಣಲಿಲ್ಲ. ಅತ್ತೆ ಬೇಸರಿಸದೆ ಅದೇ ಕತೆಯನ್ನು ಎರಡನೇ ಸಲ ಹೇಳಿದರು, ಮೊದಲಿಗಿಂತ ಚೆನ್ನಾಗಿ ಹೇಳಿದರು.

ಕೊನೆಯ ಫೈಲು ತೆಗೆಯುವಾಗ ಸೆಕೆಂಡಿಗೆ ಇಷ್ಟೇ ಬಿಟ್ ಅಂತ ಕಟ್ಟುಹಾಕದೆ, ಗುಣಮಟ್ಟದ ಲೆಕ್ಕ ಕೊಟ್ಟೆ. ಎಚ್.264 ಫೈಲು ಮಾಡುವ ಎಕ್ಸ್264 ತಂತ್ರಾಂಶದಲ್ಲಿ ಸಿಆರ್‌ಎಫ್ ಎಂಬ ಗುಣಮಟ್ಟದ ಅಂಕಿ 18. ಸುಮ್ಮನೆ ಬಿಟ್ಟರೆ ಅದು 23 ಹಿಡಿಯುತ್ತದೆ. ಅಂಕಿ ಇಳಿದಷ್ಟೂ ಚಿತ್ರ ಚೆನ್ನ, ಫೈಲು ದೊಡ್ಡದು. ಹಳೆಯ ಟೇಪಿನ ಮರಳು ಮರಳು ಬಹಳ ಬಿಟ್ ತಿನ್ನುತ್ತದೆ. ಅದಕ್ಕೆ ಕೊಡದಿದ್ದರೆ ಚಪ್ಪರದ ನೆರಳಿನಲ್ಲಿ ಕೂತವರ ಮುಖ ತೇಪೆ ಹಾಕಿದ ಹಾಗೆ ಆಗುತ್ತದೆ. ಮೊದಲ ಸಲ 10 ಬಿಟ್ ಬಣ್ಣದಲ್ಲಿ ತೆಗೆದಿದ್ದೆ. ಅದನ್ನು ಅಪ್ಪಯ್ಯನ ಟಿವಿ ಓದಲಿಲ್ಲ, ಮಂತ್ರ ಕೇಳುತ್ತಿತ್ತು, ಚಿತ್ರ ಇಲ್ಲ. ಎಚ್.264 ಆದರೆ ಟಿವಿಗಳಿಗೆ 8 ಬಿಟ್, 4:2:0 ಎಂಬ ಸಾಮಾನ್ಯ ಬಗೆಯ ಬಣ್ಣವೇ ಹೊಂದುವುದು. ಸೆಕೆಂಡಿಗೆ 50 ಚಿತ್ರ ಇದ್ದುದರಿಂದ ಫೈಲು ಟಿವಿಗೆ ಎಷ್ಟು ಭಾರ ಅಂತ ಹೇಳುವ ಲೆವೆಲ್ ಅನ್ನು 4.2 ಅಂತ ಕೊಡಬೇಕಾಯಿತು.

ಸಾಗಿಸುವಾಗಲೂ ಎರಡು ಎಡವಟ್ಟು. ನೋಡಲಿ ಅಂತ ತುಣುಕೊಂದನ್ನು ವಾಟ್ಸ್‌ಆಪಿನಲ್ಲಿ ವಿಡಿಯೋ ಅಂತಲೇ ಕಳಿಸಿದ್ದೆ. ಅದು ಕುಗ್ಗಿಸಿಯೇ ಕಳಿಸುತ್ತದೆ, “ಮತ್ತೆ ಮಂಜಾಯ್ತಲ್ಲೋ” ಅಂತ ಅಪ್ಪಯ್ಯ ಫೋನು ಮಾಡಿದರು. ಡಾಕ್ಯುಮೆಂಟ್ ಅಂತ ಕಳಿಸಿದರೆ 2 ಜಿಬಿವರೆಗಿನ ಫೈಲು ಇದ್ದ ಹಾಗೇ ಹೋಗುತ್ತದೆ. ಪೂರ್ತಿ ಫೈಲು ನಾಲ್ಕೂವರೆ ಜಿಬಿ ಆಗಿತ್ತು. ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟಿನಲ್ಲಿ ಇದ್ದುದರಿಂದ 4 ಜಿಬಿಗಿಂತ ದೊಡ್ಡ ಫೈಲು ಅದಕ್ಕೆ ಹತ್ತಲಿಲ್ಲ. ಎಕ್ಸ್‌ಫ್ಯಾಟ್ ಮಾಡಿದರೆ ಟಿವಿ ಅದನ್ನು ಗುರುತಿಸಲಿಲ್ಲ. ಕೊನೆಗೆ ಎನ್‌ಟಿಎಫ್‌ಎಸ್ ಮಾಡಿದ ಮೇಲೆ ಓದಿತು.

ಶಾಂತಿಯ ಹಿಂದಿನ ದಿನ ಟಿವಿಯ ಪಿಕ್ಚರ್ ಮೋಡನ್ನು ಸಿನಿಮಾಕ್ಕೆ ಇಟ್ಟೆ, ಚಲನೆ ನಯ ಮಾಡುವ ಆಯ್ಕೆ, ಮರಳು ತೆಗೆಯುವ ಆಯ್ಕೆ ಎರಡನ್ನೂ ಮುಚ್ಚಿದೆ. ಅಪ್ಪಯ್ಯನಿಗೆ ಅದು ಮಂಕು ಅನ್ನಿಸಿತು. ಹಗಲಿನಲ್ಲಿ ಜಗಲಿಗೆ ಬೆಳಕು ಬಹಳ, ಅವರು ಹೇಳಿದ್ದು ಸರಿಯೇ. ಬೆಳಕನ್ನು ಏರಿಸಿ, ಉಳಿದದ್ದನ್ನು ಹಾಗೇ ಬಿಟ್ಟೆ. ಚಿಕ್ಕಪ್ಪನ ಮನೆಯ 32 ಇಂಚಿನ ಟಿವಿಗೂ ಒಂದು ಪ್ರತಿ ಕೊಟ್ಟೆ. ಅದರ ಪರದೆಯೇ 1366×768, ಏನು ಮಾಡಿದರೂ ಅಲ್ಲಿ ಒಂದು ಸಲ ಅಳತೆ ಬದಲಾಗಿಯೇ ಆಗುತ್ತದೆ. ನೋಡಲು ಅಡ್ಡಿಯಿಲ್ಲ.

ಶಾಂತಿಯ ದಿನ ಸಂಜೆ ಜಗಲಿ ತುಂಬ ಜನ. ಮಕ್ಕಳನ್ನು ಮುಂದೆ ಚಾಪೆಯ ಮೇಲೆ ಕೂರಿಸಿದ್ದರು. ಕಂಬದ ಹತ್ತಿರ ಅಜ್ಜಿ ಬಂದಾಗ ಯಾರೂ ಯಾರೆಂದು ಕೇಳಲಿಲ್ಲ. ಅತ್ತೆ ಮಾತ್ರ “ಅಮ್ಮನ ಮೂಗುಬೊಟ್ಟು” ಅಂದರು, ಸಣ್ಣ ದನಿಯಲ್ಲಿ. ಬಿಳಿ ಹರಳು ಒಂದು ಚುಕ್ಕಿಯಾಗಿ ಮಿನುಗುತ್ತಿತ್ತು. ಹಿಂದಿನ ಫೈಲಿನಲ್ಲಿ ಆ ಚುಕ್ಕಿ ಇರಲೇ ಇಲ್ಲ.

ಕೊಪ್ಪರಿಗೆ ಬಂದಾಗ ಅಪ್ಪಯ್ಯ ಕೈ ಎತ್ತಿದರು. “ನಿಲ್ಸು.”

ನಿಲ್ಲಿಸಿದೆ. ಅವರು ಎದ್ದು, ಮಕ್ಕಳನ್ನು ದಾಟಿಕೊಂಡು ಟಿವಿಯ ಹತ್ತಿರ ಹೋಗಿ ನಿಂತರು. ಚುಕ್ಕಿ ಚುಕ್ಕಿಯಾಗಿ ಹೊಡೆದ ಮೂರು ಅಕ್ಷರ, ಅಜ್ಜಿಯ ತವರೂರಿನ ಹೆಸರು. ಪಕ್ಕದಲ್ಲಿ ಕನ್ನಡದ ಅಂಕಿಯಲ್ಲಿ ಇಸವಿ. ಮೂರನೇ ಅಂಕಿ ೨ ಇರಬೇಕು ಅಂದ ಯಾರೋ. ಅಪ್ಪಯ್ಯ ಬೆರಳನ್ನು ಗಾಜಿಗೆ ತಾಗಿಸದೆ ಅದರ ಸುತ್ತ ಗಾಳಿಯಲ್ಲಿ ಬರೆದು ನೋಡಿ, “ಅಲ್ಲ, ೩. ಕೆಳಗೆ ಸುತ್ತು ಕಾಣ್ತಿದೆ ನೋಡು. ೧೯೩೮,” ಅಂದರು. ಅತ್ತೆ ಬೆರಳು ಮಡಿಸಿ ಲೆಕ್ಕ ಹಾಕಿ ಹೌದು ಅಂದರು.

ಅಪ್ಪಯ್ಯ ಜೇಬಿನಿಂದ ಪೆನ್ನು ತೆಗೆದು, ಶಾಂತಿಯ ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಊರಿನ ಹೆಸರು, ಇಸವಿ ಎರಡನ್ನೂ ಬರೆದುಕೊಂಡರು. ಆಮೇಲೆ ಬಂದು ಕೂತು, “ಹ್ಞೂಂ, ಬಿಡು ಈಗ,” ಅಂದರು.